ಮೂಗಿಗೆ ಗೊತ್ತಾಗುವ ವಿಷ, ಗೊತ್ತಾಗದ ವಿಷ

ಈ ಸಲ ಬಂದ ಪತ್ರಗಳಲ್ಲಿ ಆಕಾಶದ್ದೇ ಜಾಸ್ತಿ. ಮಳೆ ಬಗ್ಗೆ ಅಲ್ಲ, ವಿಮಾನ ಮತ್ತು ರಾಕೆಟ್ ಬಗ್ಗೆ. ನಾಲ್ಕು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಹೊಲ ಚಳ್ಳಕೆರೆ ತಾಲ್ಲೂಕಿನಲ್ಲಿದೆ. ಇಸ್ರೋದವರು ಪುಷ್ಪಕ್ ಅನ್ನೋ ರೆಕ್ಕೆ ಇರುವ, ಮತ್ತೆ ಮತ್ತೆ ಬಳಸುವ ರಾಕೆಟ್ ವಾಹನ ಇಳಿಸಿದಾಗ ಅದರ ಇಂಧನದ ವಿಷ ಶೇಂಗಾ ಬೆಳೆ ಮೇಲೆ ಬಿತ್ತು ಅಂತ ಊರಲ್ಲಿ ಮಾತು. ನಿಜವೇ? – ಒಬ್ಬ ರೈತ

ಉತ್ತರ: ಇಲ್ಲ ಅಣ್ಣ. ಅಲ್ಲಿನ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ ಪುಷ್ಪಕ್ ಇಳಿಸುವ ಪ್ರಯೋಗ ಮೂರು ಸಲ ನಡೆಯಿತು: 2023ರ ಏಪ್ರಿಲ್ 2, 2024ರ ಮಾರ್ಚ್ 22, ಮತ್ತೆ ಜೂನ್ 23. ಮೂರು ಸಲವೂ ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು 4.5 ಕಿಲೋಮೀಟರ್ ಮೇಲಕ್ಕೆ ಹೊತ್ತುಕೊಂಡು ಹೋಗಿ ಕೈಬಿಟ್ಟಿತು, ಅದು ಹದ್ದಿನ ಹಾಗೆ ತೇಲಿಕೊಂಡು ಬಂದು ರನ್‌ವೇ ಮೇಲೆ ತಾನೇ ಇಳಿಯಿತು. ರಾಕೆಟ್ ಎಂಜಿನ್ ಉರಿಯಲೇ ಇಲ್ಲ.

ಹಾಗಂತ ನಿಮ್ಮ ಭಯಕ್ಕೆ ಬುಡವೇ ಇಲ್ಲ ಅನ್ನಲಾರೆ. ಇಸ್ರೋ ರಾಕೆಟ್‌ಗಳ ವಿಕಾಸ್ ಎಂಜಿನ್‌ಗೆ ಹಾಕುವ ಇಂಧನ ಯುಡಿಎಂಎಚ್, ಅದನ್ನು ಉರಿಸುವ ನೈಟ್ರೋಜನ್ ಟೆಟ್ರಾಕ್ಸೈಡ್ ಎರಡೂ ಅಪ್ಪಟ ವಿಷ. ಆದರೆ ಆ ರಾಕೆಟ್‌ಗಳು ಹಾರುವುದು ಶ್ರೀಹರಿಕೋಟದಿಂದ, ನಿಮ್ಮ ಹೊಲದ ಪಕ್ಕದಿಂದ ಅಲ್ಲ. ಅದು ಎಂಥ ವಿಷ ಅಂತ ತಿಳಿಯಬೇಕಾದರೆ 1975ರ ಜುಲೈ 24ರ ಕಥೆ ಕೇಳಿ. ಬಾಹ್ಯಾಕಾಶದಲ್ಲಿ ರಷ್ಯದವರ ಕೈಕುಲುಕಿ ವಾಪಸ್ ಬರುತ್ತಿದ್ದ ಅಮೆರಿಕದ ಮೂವರು, ಸ್ಟಾಫರ್ಡ್, ಬ್ರ್ಯಾಂಡ್, ಸ್ಲೇಟನ್. ಇಳಿಯುವಾಗ ಒಂದು ಸ್ವಿಚ್ ಹೊತ್ತಿಗೆ ಸರಿಯಾಗಿ ಹಾಕದೆ ಹೋಯಿತು, ನೌಕೆಯ ದಿಕ್ಕು ತಿರುಗಿಸುವ ಪುಟ್ಟ ಎಂಜಿನ್‌ಗಳು (ಥ್ರಸ್ಟರ್) ಉರಿಯುತ್ತಲೇ ಇದ್ದವು, ಅದೇ ಹೊತ್ತಿಗೆ ಹೊರಗಿನ ಗಾಳಿ ಒಳಗೆ ಬಿಡುವ ವಾಲ್ವ್ ತೆರೆದುಕೊಂಡಿತು. ಇದೇ ನೈಟ್ರೋಜನ್ ಟೆಟ್ರಾಕ್ಸೈಡ್ ಒಳಗೆ ನುಗ್ಗಿತು. ಬ್ರ್ಯಾಂಡ್‌ಗೆ ಪ್ರಜ್ಞೆ ತಪ್ಪಿತು. ಸ್ಟಾಫರ್ಡ್ ಆಕ್ಸಿಜನ್ ಮಾಸ್ಕ್ ಹಾಕಿ ಉಳಿಸಿಕೊಂಡರು. ಇಡೀ ಪ್ರಯಾಣ ಮುಗಿದು, ಮನೆ ಬಾಗಿಲಲ್ಲಿ ಬಂದ ಗಂಡಾಂತರ ನೋಡಿ! ಮೂವರೂ ಹೊನೊಲುಲು ಆಸ್ಪತ್ರೆ ಸೇರಬೇಕಾಯಿತು.

ಪ್ರಶ್ನೆ: ಶುಭಾಂಶು ಶುಕ್ಲಾ 2025ರಲ್ಲಿ ಬಾಹ್ಯಾಕಾಶ ನಿಲ್ದಾಣದಲ್ಲಿ ಇದ್ದು ಬಂದರಲ್ಲ, ಅಲ್ಲಿ ಕಿಟಕಿ ತೆಗೆಯೋ ಹಾಗಿಲ್ಲ. ಉಸಿರು ಕಟ್ಟಲ್ವಾ? – ಪಿಯುಸಿ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಆಕ್ಸಿಜನ್ ಸಾಕಷ್ಟಿರುತ್ತೆ ಪುಟ್ಟಿ. ತಲೆನೋವು ಏನಿದ್ದರೂ ನಾವೇ ಬಿಡುವ ಕಾರ್ಬನ್ ಡೈಆಕ್ಸೈಡ್‌ದು. ಅಕ್ಷರಶಃ ತಲೆನೋವು! ನಮ್ಮ ಭೂಮಿಯ ಗಾಳಿಯಲ್ಲಿ ಇರುವುದರ ಹತ್ತು ಪಟ್ಟಿನ ಆಸುಪಾಸು ಅಲ್ಲಿರುತ್ತೆ. ಭೂಮಿ ಮೇಲೆ ಬಿಸಿ ಉಸಿರು ಮೇಲೇರಿ ಚದುರಿಹೋಗುತ್ತೆ. ಅಲ್ಲಿ ಮೇಲೆ ಯಾವುದು, ಕೆಳಗೆ ಯಾವುದು? ಹಾಗಾಗಿ ಫ್ಯಾನ್ ಇಲ್ಲದ ಮೂಲೆಯಲ್ಲಿ ಮಲಗಿದರೆ ಬಿಟ್ಟ ಉಸಿರು ಮುಖದ ಸುತ್ತಲೇ ಗುಡ್ಡೆ ಹಾಕಿಕೊಳ್ಳುತ್ತೆ. ನಮ್ಮ ಮಂಡಕ್ಕಿ ಭಟ್ಟಿ ಹೊಗೆ ಕಣ್ಣಿಗೆ ಕಾಣುತ್ತೆ, ಮೂಗಿಗೆ ಬಡಿಯುತ್ತೆ, ಎದ್ದು ಆಚೆ ಹೋಗಬಹುದು. ಇದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಹೋಗೋಕೆ ಆಚೆಯೂ ಇಲ್ಲ.

1970ರಲ್ಲಿ ಚಂದ್ರನತ್ತ ಹೊರಟ ಅಪೊಲೊ 13ರಲ್ಲಿ ಇದೇ ಯಮನಾಗಿತ್ತು. ಮುಖ್ಯ ನೌಕೆ ಕೆಟ್ಟು, ಇಬ್ಬರಿಗೆ ಅಂತ ಮಾಡಿದ ಚಂದ್ರನೌಕೆಯಲ್ಲಿ ಮೂವರು ಇರಬೇಕಾಗಿ ಬಂತು. ಮುಖ್ಯ ನೌಕೆಯ ಗಾಳಿ ಶುದ್ಧ ಮಾಡುವ ಡಬ್ಬಿ ಚೌಕ, ಕೂರಿಸಬೇಕಾದ ತೂತು ದುಂಡು. ಪ್ಲಾಸ್ಟಿಕ್ ಚೀಲ, ರಟ್ಟು, ಸೂಟಿನ ಪೈಪು, ಟೇಪು ಸೇರಿಸಿ ಹೇಗೋ ಜೋಡಿಸಿಕೊಂಡರು. ನಮ್ಮೂರ ಮೆಕ್ಯಾನಿಕ್‌ಗಳು ಕೇಳಿದರೆ ಇದೇನ್ ಮಹಾ ಅನ್ನಬಹುದು, ಇರಲಿ.

ಮೂಗಿಗೂ ಅಲ್ಲಿ ಕೆಲಸ ಇದೆ. ಒಳಗೆ ಒಯ್ಯುವ ಪ್ಲಾಸ್ಟಿಕ್, ಬಟ್ಟೆ, ಪೆನ್ನು ಎಲ್ಲ ಆವಿ ಬಿಡುತ್ತವಲ್ಲ, ಅದಕ್ಕೆ ನಾಸಾದಲ್ಲಿ ಮೂಸಿ ನೋಡುವುದಕ್ಕೇ ಜನ ಇದ್ದಾರೆ. ವಾಸನೆ ಜಾಸ್ತಿ ಇದ್ದರೆ ಆ ವಸ್ತುವಿಗೆ ಟಿಕೆಟ್ ಇಲ್ಲ.

ಪ್ರಶ್ನೆ: ಮಗಳು ವಿಮಾನದಲ್ಲಿ ಗಗನಸಖಿ. ಒಮ್ಮೊಮ್ಮೆ ಒದ್ದೆ ಸಾಕ್ಸ್ ಥರ ವಾಸನೆ ಬರುತ್ತೆ, ತಲೆ ಸುತ್ತುತ್ತೆ ಅಂತಾಳೆ. ಕಂಪನಿಯವರು ಏನಿಲ್ಲ ಅಂತಾರಂತೆ. – ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಕ್ಕ, ಏನಿಲ್ಲ ಅನ್ನುವ ಮಾತು ನನಗೆ ಹಿಡಿಸಲಿಲ್ಲ. ಬಹುತೇಕ ವಿಮಾನಗಳಲ್ಲಿ ಒಳಗಿನ ಗಾಳಿ ಬರುವುದು ಎಂಜಿನ್‌ನಲ್ಲಿ ಗಾಳಿ ಒತ್ತುವ ಭಾಗದಿಂದ, ಅಂದರೆ ಕಂಪ್ರೆಸರ್‌ನಿಂದ. ಬೋಯಿಂಗ್ 787ರಲ್ಲಿ ಮಾತ್ರ ಬೇರೆ ವಿದ್ಯುತ್ ಕಂಪ್ರೆಸರ್ ಇದೆ. ಎಂಜಿನ್ನಿನ ಸೀಲ್ ಸೋರಿದರೆ ಕಾದ ಆಯಿಲ್ ಹೊಗೆ ಕ್ಯಾಬಿನ್‌ಗೆ ಬರುತ್ತೆ. ಆ ಆಯಿಲ್‌ನಲ್ಲಿ ಟ್ರೈಕ್ರೆಸಿಲ್ ಫಾಸ್ಫೇಟ್ ಅನ್ನುವ ರಾಸಾಯನಿಕ ಬೆರೆಸಿರುತ್ತಾರೆ, ಅದರ ಒಂದು ಬಗೆ ನರಗಳಿಗೆ ವಿಷ. ಹೆಪಾ ಫಿಲ್ಟರ್ ಇದೆಯಲ್ಲ ಅಂತ ಯಾರಾದರೂ ಹೇಳಿದರೆ, ಅದು ಕಣ ಹಿಡಿಯುತ್ತೆ, ಆವಿ ಹಿಡಿಯಲ್ಲ. ವರ್ಷಗಟ್ಟಲೆ ಉಳಿಯುವ ಕಾಯಿಲೆ ಇದರಿಂದಲೇ ಬರುತ್ತಾ ಅನ್ನುವುದರ ಬಗ್ಗೆ ವೈದ್ಯರಲ್ಲೇ ಒಮ್ಮತ ಇಲ್ಲ, ಆದ್ದರಿಂದ ಸುಮ್ನೆ ಹೆದರಿಸಲ್ಲ. ಮಗಳಿಗೆ ಹೇಳಿ: ವಾಸನೆ ಬಂದ ಕೂಡಲೇ ಕ್ಯಾಪ್ಟನ್‌ಗೆ ತಿಳಿಸಲಿ. ತಾರೀಕು, ವಿಮಾನದ ನಂಬರ್, ಏನನ್ನಿಸಿತು ಅಂತ ಬರೆದು ಕೊಟ್ಟು ಒಂದು ಪ್ರತಿ ತನ್ನ ಬಳಿ ಇಟ್ಟುಕೊಳ್ಳಲಿ, ಮತ್ತೆ ಇಳಿದ ದಿನವೇ ವೈದ್ಯರ ಹತ್ತಿರ ಹೋಗಲಿ, ವಾರ ಬಿಟ್ಟು ಅಲ್ಲ.

ಪ್ರಶ್ನೆ: ದುಬೈಗೆ ಮಗನ ಮನೆಗೆ ಹೋಗುವಾಗ ಗಂಟಲು ಒಣಗಿತು, ಹೊಟ್ಟೆ ಉಬ್ಬರಿಸಿತು. ಇದೂ ವಿಷವೇ? – ನಿವೃತ್ತ ಮೇಷ್ಟ್ರು, ಹರಿಹರ

ಉತ್ತರ: ಅಲ್ಲ ಮೇಷ್ಟ್ರೇ. ಗಂಟಲಿಗೆ ಕಾರಣ ಒಣ ಗಾಳಿ, ಕ್ಯಾಬಿನ್‌ನಲ್ಲಿ ತೇವಾಂಶ ಶೇಕಡಾ 20ಕ್ಕಿಂತ ಕಡಿಮೆ ಇರುವುದೇ ಹೆಚ್ಚು. ನೀರು ಕುಡಿಯಿರಿ. ಇನ್ನು ಹೊಟ್ಟೆ: ಒಳಗಿನ ಒತ್ತಡ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು, ಆಗ ಹೊಟ್ಟೆಯೊಳಗಿನ ಗಾಳಿ ಸುಮಾರು ಮೂರನೇ ಒಂದು ಪಾಲು ಹಿಗ್ಗುತ್ತೆ. ಹೊರಡುವ ಮುಂಚೆ ಮಿರ್ಚಿ ಮಂಡಕ್ಕಿ ತಿಂದಿದ್ರಾ?