ಓದುಗರ ಪ್ರಶ್ನೆ: ಜಾಝ್ ಪಿಯಾನೋ, ವಾದ್ಯವೃಂದದ ಬರವಣಿಗೆ

ಪ್ರಶ್ನೆ: ಪಿಯಾನೋದಲ್ಲಿ ಐದನೇ ಗ್ರೇಡ್ ಮುಗಿಸಿರುವ ಮಗಳು ಈಗ ಜಾಝ್ ಹಿಡಿದಿದ್ದಾಳೆ. ಜೊತೆಗೆ ವಾದ್ಯವೃಂದಕ್ಕೂ ಬರೆಯುತ್ತೇನೆ ಅನ್ನುತ್ತಾಳೆ. ಎರಡು ದೋಣಿಯ ಮೇಲೆ ಕಾಲಿಟ್ಟಂತಲ್ಲವೇ? ಅವಳು ಬರೆದದ್ದು ಕಂಪ್ಯೂಟರಿನಲ್ಲಿ ಇಂಪಾಗಿ ಕೇಳುತ್ತದೆ. ಚರ್ಚಿನ ಪಿಟೀಲಿನವರು, ಬ್ಯಾಂಡ್ ಸೆಟ್ಟಿನ ಕ್ಲಾರಿಯೋನೆಟ್ಟಿನವರು ನುಡಿಸಿದರೆ ಕಲಸುಮೇಲೋಗರ.
– ಓದುಗರು, ಚಿಕ್ಕಮಗಳೂರು

ಉತ್ತರ: ಎರಡೂ ಒಂದೇ ದೋಣಿ, ಹುಟ್ಟು ಮಾತ್ರ ಬೇರೆ. ಜಾಝ್ ತಂಡದಲ್ಲಿ ಪಿಯಾನೋ ನುಡಿಸುತ್ತಿದ್ದ ರಷ್ಯಾದ ನಿಕೊಲಾಯ್ ಕಪುಸ್ತಿನ್ 20 ಪಿಯಾನೋ ಸೊನಾಟಾ ಬರೆದರು. ಆಗಷ್ಟೇ ಹೊಳೆದಂತೆ ಕೇಳುವ ಸ್ವರಗಳೂ ಅವರಲ್ಲಿ ಕಾಗದದ ಮೇಲಿವೆ. ಅಮೆರಿಕದ ಜಾರ್ಜ್ ಗರ್ಷ್ವಿನ್ 1924ರ ‘ರಾಪ್ಸೊಡಿ ಇನ್ ಬ್ಲೂ’ವನ್ನು ವಾದ್ಯಗಳಿಗೆ ಹಂಚುವ ಕೆಲಸವನ್ನು ಫರ್ಡಿ ಗ್ರೋಫೆಗೆ ಬಿಟ್ಟಿದ್ದರು. ಮರುವರ್ಷದ ಪಿಯಾನೋ ಕಾನ್ಚೆರ್ಟೊವನ್ನು (ಪಿಯಾನೋ ಮುಂದಿದ್ದು ವಾದ್ಯವೃಂದ ಜೊತೆಗೂಡುವ ಕೃತಿ) ತಾವೇ ಹಂಚಿ ಬರೆದು, ಕಛೇರಿಗೆ ಮೊದಲೇ ದುಡ್ಡು ಕೊಟ್ಟು ವಾದಕರನ್ನು ಕರೆಸಿ, ಕೇಳಿ ತಿದ್ದಿದರು. ನಿಮ್ಮ ಮಗಳೂ ಈಗ ಅದೇ ಹಂತದಲ್ಲಿದ್ದಾಳೆ. ಕಲಸುಮೇಲೋಗರ ಕಿವಿಗೆ ಬಿದ್ದದ್ದು ಒಳ್ಳೆಯದೇ ಆಯಿತು.

ಮೊದಲು ಕ್ಲಾರಿಯೋನೆಟ್ ನೋಡಿ. ಅದು ಬಿ ಫ್ಲ್ಯಾಟ್ ವಾದ್ಯವಾದರೆ, ಅಂದರೆ ಬರೆದ ಸಿ ಅದರಲ್ಲಿ ಬಿ ಫ್ಲ್ಯಾಟ್ ಆಗಿ ಕೇಳುವುದಾದರೆ, ಸಿ ಕೇಳಿಸಬೇಕಿದ್ದಲ್ಲಿ ಡಿ ಬರೆಯಬೇಕು. ಇಡೀ ಸಾಲು ಒಂದು ಸ್ವರ ಮೇಲಕ್ಕೆ ಹೋಗಬೇಕು. ಪಿಯಾನೋದ ಸಾಲನ್ನೇ ಕೈಗೆ ಕೊಟ್ಟಿದ್ದರೆ ಅಪಸ್ವರ ಖಂಡಿತ.

ಪಿಯಾನೋದವರು ಎಡವುವ ಇನ್ನೊಂದು ಜಾಗ ಪೆಡಲ್. ಕಾಲು ಒತ್ತಿದರೆ ನಾಲ್ಕು ಸ್ವರ ತಾವಾಗಿ ತೇಲುತ್ತವೆ, ಆದರೆ ವಾದ್ಯವೃಂದಕ್ಕೆ ಆ ಕಾಲಿಲ್ಲ. ಯಾವ ಸ್ವರ ಎಷ್ಟು ಮಾತ್ರೆ ನಿಲ್ಲಬೇಕು, ಯಾರು ಹಿಡಿಯಬೇಕು ಎಂದು ಒಂದೊಂದನ್ನೂ ಬರೆಯಲೇಬೇಕು. ಊದುವವರು ಉಸಿರೆಳೆಯುವಲ್ಲಿ ಅಲ್ಪವಿರಾಮದ ಗುರುತು ಹಾಕಲಿ. ಕಂಪ್ಯೂಟರಿಗೆ ಉಸಿರು ಬೇಕಿಲ್ಲ, ಅದಕ್ಕೇ ಅಲ್ಲಿ ತಪ್ಪು ಕೇಳುವುದಿಲ್ಲ.

ಎಡಗೈಯ ಗಿಡಿದ ಕಾರ್ಡನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಾಗೇ ಕೆಳಸ್ಥಾಯಿಯ ವಾದ್ಯಗಳಿಗೆ ಹಂಚಿದರೆ ಗೊಜ್ಜಾಗುತ್ತದೆ. ಸಿ–ಇ–ಜಿ ಕಾರ್ಡಾದರೆ ತಳದಲ್ಲಿ ಸಿ, ಜಿ ಮಾತ್ರ ಇರಲಿ. ಇ ಒಂದು ಸ್ಥಾಯಿ ಮೇಲೆ ಹೋಗಲಿ.

ಇನ್ನು ಸ್ವಿಂಗ್. ಅರ್ಧರ್ಧ ಮಾತ್ರೆಯ ಎರಡು ಸ್ವರಗಳನ್ನು ಜಾಝ್ ವಾದಕರು ಸರಿಸುಮಾರು ಎರಡಕ್ಕೊಂದರಂತೆ, ಉದ್ದ–ಗಿಡ್ಡವಾಗಿ ನುಡಿಸುತ್ತಾರೆ. ಸ್ತೋತ್ರಗೀತೆಗೆ ಒಗ್ಗಿದ ಪಿಟೀಲಿನವರು ಸಮಸಮ ನುಡಿಸುತ್ತಾರೆ. ಅದು ಅವರ ತಪ್ಪಲ್ಲ. ಆ ಭಾಗವನ್ನು ಪ್ರತಿ ಮಾತ್ರೆಯೂ ಮೂರು ಪಾಲಾಗುವ 12/8 ತಾಳದಲ್ಲಿ ಬರೆದುಕೊಡಿ, ಜಗಳವೇ ಇರುವುದಿಲ್ಲ. ಸದ್ಯಕ್ಕೆ ಎಂಟೇ ಬಾರ್, ಮೂರೇ ವಾದ್ಯ ಸಾಕು. ನುಡಿಸಿ, ತಿದ್ದಿ, ಅದನ್ನೇ ಮತ್ತೆ ನುಡಿಸಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಪಿಯಾನೋದ ಕೀಲಿಗಳು ಒತ್ತಿದರೆ ಮೇಲೇಳುವುದಿಲ್ಲ.
– ಓದುಗರು, ಸಕಲೇಶಪುರ

ಉತ್ತರ: ತೇವಕ್ಕೆ ಮರವೂ ಕೀಲಿಯ ಕೆಳಗಿನ ಫೆಲ್ಟೂ ಊದಿಕೊಂಡಿವೆ. ಎಣ್ಣೆ ಬಿಡಬೇಡಿ, ಫೆಲ್ಟ್ ಹಾಳಾಗುತ್ತದೆ. ಪಿಯಾನೋವನ್ನು ಹೊರಗೋಡೆಯಿಂದ ಒಳಗೋಡೆಗೆ ಸರಿಸಿ, ಕೋಣೆಯ ತೇವಾಂಶ ಶೇ. 40ರಿಂದ 60ರೊಳಗೆ ಇರುವಂತೆ ತೇವ ಹೀರುವ ಯಂತ್ರ ಇಡಿ. ಆಮೇಲೂ ಎದ್ದೇಳದ ಕೀಲಿಗಳನ್ನು ಶ್ರುತಿ ಮಾಡುವವರೇ ಸಡಿಲಿಸಲಿ. ತೇವಕ್ಕೆ ಧ್ವನಿಹಲಗೆ ಉಬ್ಬಿ ಶ್ರುತಿ ಏರಿರುತ್ತದೆ. ಜುಲೈನಲ್ಲಿ ಶ್ರುತಿ ಮಾಡಿಸಿದರೆ ಬೇಸಿಗೆಗೆ ಇಳಿದುಹೋಗುತ್ತದೆ, ನವೆಂಬರ್ ತನಕ ಕಾಯಿರಿ.