ಲೋಡ್ ಬಿದ್ದದ್ದು ಮೋಟರ್‌ಗೆ ಹೇಗೆ ಗೊತ್ತಾಗುತ್ತೆ?

ಸ್ವಿಚ್ ಹಾಕಿದ ಮೇಲೆ ಇಂಡಕ್ಷನ್ ಮೋಟರನ್ನು ಯಾರೂ ಮುಟ್ಟೋದಿಲ್ಲ, ಆದರೂ ಲೋಡ್ ಬಿದ್ದ ಕೂಡಲೇ ಜಾಸ್ತಿ ಕರೆಂಟ್ ಎಳೆಯುತ್ತೆ, ಹೇಗೆ ಅಂತ ಕೇಳಿದ್ದೀರಿ.

ನಾನು ಜಮಖಂಡಿಯಲ್ಲಿ ಮೋಟರ್ ವೈಂಡಿಂಗ್ ಮಾಡುತ್ತೇನೆ. ಒಂದು ಬೆಲ್ಲದ ಗಾಣದಲ್ಲಿ ಕಂಡದ್ದನ್ನೇ ಹೇಳುತ್ತೇನೆ. 10 ಎಚ್‌ಪಿ, ತ್ರೀ ಫೇಸ್, 4 ಪೋಲ್ ಮೋಟರ್. ಕಬ್ಬು ಕೊಡದೆ ಸುಮ್ನೆ ಓಡಿಸಿದಾಗ ಕ್ಲ್ಯಾಂಪ್ ಮೀಟರ್ 6 ಆಂಪಿಯರ್ ತೋರಿಸಿತು. ವೇಗ ನಿಮಿಷಕ್ಕೆ 1490 ಸುತ್ತು. ಕಬ್ಬು ಕೊಟ್ಟದ್ದೇ ತಡ, ದನಿ ದಪ್ಪಗಾಯಿತು, ಮೀಟರ್ 14ಕ್ಕೆ ಹತ್ತಿತು. ವೇಗ 1440ಕ್ಕೆ ಇಳಿಯಿತು, ಅಷ್ಟೇ.

ಗುಟ್ಟು ಆ 50 ಸುತ್ತಿನಲ್ಲಿದೆ. ಸ್ಟೇಟರ್‌ನಲ್ಲಿ, ಅಂದ್ರೆ ಮೋಟರಿನ ತಿರುಗದ ಹೊರಭಾಗದಲ್ಲಿ, ಹುಟ್ಟುವ ಅಯಸ್ಕಾಂತ ಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಲೈನ್ 50 ಹರ್ಟ್ಜ್ ಇರುವವರೆಗೂ ಅದು ಬದಲಾಗೋದಿಲ್ಲ. ಒಳಗೆ ತಿರುಗುವ ಭಾಗವಾದ ರೋಟರ್ ಅದರ ಬೆನ್ನು ಹತ್ತಿ ಓಡುತ್ತದೆ, ಆದರೆ ಎಂದೂ ಹಿಡಿಯೋದಿಲ್ಲ. ಹಿಡಿದರೆ ರೋಟರ್ ಬಾರ್‌ಗಳಲ್ಲಿ ಕರೆಂಟೇ ಹುಟ್ಟೋದಿಲ್ಲ, ಎಳೆತ ಎಲ್ಲಿಂದ ಬರಬೇಕು? ಹೀಗೆ ಹಿಂದೆ ಬೀಳೋದಕ್ಕೆ ಸ್ಲಿಪ್ ಅನ್ನುತ್ತಾರೆ. ಖಾಲಿ ಓಡುವಾಗ 10 ಸುತ್ತು, ಲೋಡ್ ಮೇಲೆ 60. ಅಂದ್ರೆ ಆರು ಪಟ್ಟು. ರೋಟರ್ ಕರೆಂಟೂ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ, ಅದಕ್ಕೆ ತಕ್ಕಂತೆ ಸ್ಟೇಟರ್ ಲೈನಿನಿಂದ ಎಳೆಯುತ್ತದೆ.

ಹಾಗಾದ್ರೆ ಮೀಟರ್ 36 ಯಾಕೆ ತೋರಿಸಲಿಲ್ಲ ಅಂತೀರಾ? ಮೊದಲಿನ ಆ 6 ಆಂಪಿಯರ್‌ನಲ್ಲಿ ಬಹುಪಾಲು ಕ್ಷೇತ್ರ ಹುಟ್ಟಿಸಲಿಕ್ಕೇ ಹೋಗುತ್ತದೆ. ಲೋಡ್ ಇರಲಿ, ಬಿಡಲಿ, ಅದು ಬೇಕೇ ಬೇಕು.

ಹಿಂದೆ ಬೀಳಲಿಕ್ಕೂ ಮಿತಿ ಇದೆ. ಸಾಮಾನ್ಯವಾಗಿ ಫುಲ್ ಲೋಡ್ ಟಾರ್ಕ್‌ನ (ತಿರುಗಿಸುವ ಬಲದ) ಎರಡು, ಎರಡೂವರೆ ಪಟ್ಟು ತಡೆದೀತು. ಅದು ದಾಟಿದರೆ ಮೋಟರ್ ನಿಂತೇಬಿಡುತ್ತದೆ, ಕರೆಂಟ್ ಐದಾರು ಪಟ್ಟು ಆಗುತ್ತದೆ. ವೋಲ್ಟೇಜ್ ಇಳಿದರೆ ಈ ಮಿತಿ ಇನ್ನೂ ಜೋರಾಗಿ ಇಳಿಯುತ್ತದೆ, ಯಾಕಂದ್ರೆ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ನಡೆಯುತ್ತದೆ. 415ರ ಜಾಗದಲ್ಲಿ 340 ಬಂದರೆ ಮೂರರಲ್ಲಿ ಎರಡು ಪಾಲು ಮಾತ್ರ ಉಳಿಯುತ್ತದೆ.

ಅದೇ ಗಾಣದಲ್ಲಿ ಒಂದು ಸಂಜೆ ವೋಲ್ಟೇಜ್ ಬಿದ್ದಿತ್ತು. ಹುಡುಗ ಎರಡು ಮೂರು ಕಬ್ಬು ಕೊಡೋ ಕಡೆ ಒಂದು ಕಟ್ಟನ್ನೇ ತುರುಕಿದ. ಬೆಲ್ಟ್ ಜಾರಿದ್ದರೂ ಮೋಟರ್ ಉಳಿಯುತ್ತಿತ್ತು, ಅದನ್ನು ಆವತ್ತೇ ಬಿಗಿ ಮಾಡಿದ್ದರು! ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಓವರ್‌ಲೋಡ್ ರಿಲೇ ಪದೇ ಪದೇ ಟ್ರಿಪ್ ಆಗುತ್ತೆ ಅಂತ ಯಾರೋ ಮೊದಲೇ ಶಾರ್ಟ್ ಮಾಡಿಟ್ಟಿದ್ದರು. ಸುಟ್ಟ ಮೋಟರ್ ನನ್ನ ಅಂಗಡಿಗೆ ಬಂದಾಗ ಬಿಚ್ಚಿ ನೋಡಿದೆ. ಸಿಂಗಲ್ ಫೇಸಿಂಗ್ (ಮೂರರಲ್ಲಿ ಒಂದು ಫೇಸ್ ಹೋಗೋದು) ಆಗಿದ್ದರೆ ಒಂದೆರಡು ಫೇಸಿನ ಕಾಯಿಲ್ ಮಾತ್ರ ಸುಡುತ್ತವೆ. ಇಲ್ಲಿ ಮೂರೂ ಫೇಸ್, ತಳ ಹಿಡಿದ ಬೆಲ್ಲದ ಹಾಗೆ, ಒಂದೇ ಸಮ ಕರ್ರಗಾಗಿದ್ದವು.