ಸಣ್ಣ ದ್ವೀಪಗಳಲ್ಲಿ ಅಪರೂಪದ ಕಾಯಿಲೆ ಯಾಕೆ ಜಾಸ್ತಿ? ನಮ್ಮ ಕೋಲಾರದ ಕಡೆ ನೆಂಟರಲ್ಲೇ ಮದುವೆ ಮಾಡ್ತಾರಲ್ಲ, ಅದೂ ಹಾಗೇನಾ?

ಶುರುವಿನಲ್ಲಿದ್ದ ಜನ ತೀರಾ ಕಡಿಮೆ, ಅದೇ ಮುಖ್ಯ ಕಾರಣ. ಪೆಸಿಫಿಕ್ ಸಾಗರದ ಪಿಂಗೆಲಾಪ್ ದ್ವೀಪವನ್ನೇ ನೋಡಿ. 1775ರ ಸುಮಾರಿಗೆ ಬಂದ ಚಂಡಮಾರುತ, ಅದರ ಹಿಂದೆಯೇ ಬಂದ ಹಸಿವು ದಾಟಿ ಉಳಿದವರು ಸುಮಾರು 20 ಜನ. ಅವರಲ್ಲೊಬ್ಬರಲ್ಲಿ ಬಣ್ಣವೇ ಕಾಣದಂತೆ ಮಾಡುವ ಜೀನ್ ಇತ್ತು. ಇವತ್ತು ಅಲ್ಲಿ ನೂರಕ್ಕೆ 5ರಿಂದ 10 ಜನರಿಗೆ ಯಾವ ಬಣ್ಣವೂ ಕಾಣುವುದಿಲ್ಲ. ಬಿಸಿಲಲ್ಲಿ ಕಣ್ಣು ಬಿಡುವುದೂ ಕಷ್ಟ, ಪಾಪ.

ಜೀನ್‌ಗಳು ಜೋಡಿಯಾಗಿ ಬರುತ್ತವೆ: ಒಂದು ಅಮ್ಮನಿಂದ, ಒಂದು ಅಪ್ಪನಿಂದ. ಈ ಕಾಯಿಲೆ ಬರಬೇಕಾದರೆ ಎರಡೂ ಕೆಟ್ಟಿರಬೇಕು. ಒಂದೇ ಕೆಟ್ಟಿದ್ದರೆ ಏನೂ ಗೊತ್ತಾಗುವುದಿಲ್ಲ, ಸುಮ್ನೆ ಮಕ್ಕಳಿಗೆ ದಾಟುತ್ತಾ ಹೋಗುತ್ತದೆ. ಕೆಲವು ತಲೆಮಾರು ಕಳೆದರೆ ದ್ವೀಪದವರೆಲ್ಲ ನೆಂಟರೇ ಅಲ್ವಾ? ಆಗ ಗಂಡ, ಹೆಂಡತಿ ಇಬ್ಬರಲ್ಲೂ ಅದೇ ಕೆಟ್ಟ ಜೀನ್ ಇರುವ ಸಾಧ್ಯತೆ ಜಾಸ್ತಿ.

ಕೋಲಾರದ ಕಡೆ ಜನ ದಂಡಿಯಾಗಿದ್ದಾರೆ, ಆದರೆ ಲೆಕ್ಕ ಅದೇ. ಅಕ್ಕನ ಮಗಳನ್ನು ಮದುವೆಯಾದರೆ, ಮಗುವಿನ ಒಂದು ಜೀನ್‌ನ ಎರಡೂ ಪ್ರತಿಗಳು ಒಬ್ಬರೇ ಹಿರಿಯರಿಂದ ಬಂದಿರುವ ಸಾಧ್ಯತೆ 8ರಲ್ಲಿ 1. ಸೋದರಮಾವನ ಮಗಳಾದರೆ 16ರಲ್ಲಿ 1. ಇಂಥ ಮದುವೆಗಳಲ್ಲೂ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಮನೆತನದಲ್ಲಿ ಹುಟ್ಟಿನಿಂದ ಬಂದ ಕಾಯಿಲೆ ಇದ್ದರೆ ಮಾತ್ರ ಮದುವೆಗೆ ಮೊದಲೇ ಡಾಕ್ಟರ ಹತ್ತಿರ ದಯವಿಟ್ಟು ಮಾತಾಡಿ.